ಏಳು ವೀರರ ಬದಲು ಒಬ್ಬ ರಾಣಿ

ಮಾನ್ಯರೇ,

ರೋಮನ್ನರನ್ನು ಎದುರಿಸಿ ನಿಂತ ಏಳು ಮಂದಿ ನಾಯಕರ ಕುರಿತು ನೀವು ಕಳುಹಿಸಿದ ಲೇಖನವನ್ನು ಗಮನವಿಟ್ಟು ಓದಿದ್ದೇನೆ. ಈಗಿರುವ ರೂಪದಲ್ಲಿ ಅದನ್ನು ಪ್ರಕಟಿಸಲು ಸಾಧ್ಯವಿಲ್ಲ. ಆದರೆ ಅದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ ಎಂದು ನನಗೆ ಖಚಿತವಾಗಿ ಅನ್ನಿಸಿರುವುದರಿಂದ, ಎರಡು ಸಾಲಿನ ವಿಷಾದಪತ್ರ ಬರೆದು ಮುಗಿಸದೆ ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇನೆ.

ಹ್ಯಾನಿಬಲ್‌ನಿಂದ ಪಾಲ್ಮೈರಾದ ರಾಣಿ ಜೆನೋಬಿಯಾವರೆಗೆ ನೀವು ಸುಮಾರು ಐನೂರು ವರ್ಷಗಳನ್ನು ಹತ್ತೇ ಪುಟಗಳಲ್ಲಿ ದಾಟಿದ್ದೀರಿ. ಎಲ್ಲರೂ 'ಸಿಂಹದಂತೆ ಗರ್ಜಿಸಿದರು', ಎಲ್ಲರೂ 'ಸ್ವಾತಂತ್ರ್ಯಕ್ಕಾಗಿ ಪ್ರಾಣ ತೆತ್ತರು'; ಹೆಸರುಗಳನ್ನು ಅದಲುಬದಲು ಮಾಡಿದರೂ ಓದುಗರಿಗೆ ತಿಳಿಯುವುದಿಲ್ಲ. ಹ್ಯಾನಿಬಲ್ ಕಾರ್ಥೇಜ್ ಎಂಬ ಬಲಿಷ್ಠ ರಾಜ್ಯದ ಸೇನಾಪತಿ, ಸ್ಪಾರ್ಟಕಸ್ ತಪ್ಪಿಸಿಕೊಂಡು ಬಂದ ಗುಲಾಮ, ಆರ್ಮಿನಿಯಸ್ ರೋಮನ್ ಪೌರತ್ವ ಪಡೆದು ಅವರದೇ ಸೇನೆಯಲ್ಲಿ ದುಡಿದು, ಕ್ರಿ.ಶ. 9ರಲ್ಲಿ ಅವರ ಮೂರು ಲೀಜನ್‌ಗಳನ್ನು, ಅಂದರೆ ಸೇನಾ ದಳಗಳನ್ನು, ಕಾಡಿನ ದಾರಿಯಲ್ಲಿ ನಾಶಮಾಡಿದವನು. ಇವರ ಸಿಟ್ಟಿನ ಮೂಲಗಳೇ ಬೇರೆ ಬೇರೆ. ಆರು ಮಂದಿಯನ್ನು ಸದ್ಯಕ್ಕೆ ಪಕ್ಕಕ್ಕಿಟ್ಟು, ಕ್ರಿ.ಶ. 60ರ ಸುಮಾರಿಗೆ ಬ್ರಿಟನ್ನಿನಲ್ಲಿ ರೋಮನ್ನರ ವಿರುದ್ಧ ಬಂಡೆದ್ದ ರಾಣಿ ಬೂಡಿಕಾಳನ್ನು ಮಾತ್ರ ಉಳಿಸಿಕೊಳ್ಳಿ.

ಅವಳನ್ನೇ ಆರಿಸಲು ಕಾರಣ, ನಿಮ್ಮ ಲೇಖನದಲ್ಲಿ ವಿಶೇಷಣಗಳು ನಿಂತು ಸಂಗತಿಗಳು ಮಾತನಾಡಿದ್ದು ಅಲ್ಲಿ ಮಾತ್ರ. ಇಂಗ್ಲೆಂಡಿನ ಪೂರ್ವಭಾಗದ ಐಸಿನಿ ಜನರ ದೊರೆ, ಬೂಡಿಕಾಳ ಗಂಡ ಪ್ರಸುಟಾಗಸ್ ತನ್ನ ಆಸ್ತಿಗೆ ಚಕ್ರವರ್ತಿ ನೀರೋನನ್ನೂ ತನ್ನ ಇಬ್ಬರು ಹೆಣ್ಣುಮಕ್ಕಳನ್ನೂ ವಾರಸುದಾರರನ್ನಾಗಿ ಮಾಡಿ ತೀರಿಕೊಂಡ. ರೋಮನ್ ಅಧಿಕಾರಿಗಳು ಉಯಿಲನ್ನು ಬದಿಗೊತ್ತಿ ರಾಜ್ಯವನ್ನೇ ಸೂರೆಮಾಡಿದರು, ರಾಣಿಗೆ ಚಾಟಿಯೇಟು ಕೊಟ್ಟರು, ಹೆಣ್ಣುಮಕ್ಕಳ ಮೇಲೆ ಅತ್ಯಾಚಾರವೆಸಗಿದರು ಎಂಬಷ್ಟನ್ನು ನೀವು ನೇರವಾಗಿ ಬರೆದಿದ್ದೀರಿ. ಆದರೆ ಮುಂದಿನ ವಾಕ್ಯದಲ್ಲೇ ದಂಗೆ ಶುರುವಾಗಿಬಿಡುತ್ತದೆ. ಒಬ್ಬ ರಾಣಿಯ ಅವಮಾನಕ್ಕಾಗಿ ಪಕ್ಕದ ಟ್ರಿನೊವಾಂಟೆಸ್ ಜನ ಏಕೆ ಆಯುಧ ಹಿಡಿದರು? ಕಮುಲೊಡುನಮ್, ಅಂದರೆ ಇಂದಿನ ಕೋಲ್ಚೆಸ್ಟರ್‌ನಲ್ಲಿ ನೆಲೆಯೂರಿದ್ದ ನಿವೃತ್ತ ರೋಮನ್ ಸೈನಿಕರು ಅವರನ್ನು ಹೊಲಮನೆಗಳಿಂದ ಹೊರಗಟ್ಟಿದ್ದರು. ಸತ್ತ ಚಕ್ರವರ್ತಿ ಕ್ಲಾಡಿಯಸ್‌ನ ಹೆಸರಿನ ದೇವಾಲಯದ ವೆಚ್ಚ ಸ್ಥಳೀಯ ಪ್ರಮುಖರ ಮನೆಗಳನ್ನು ಬರಿದು ಮಾಡುತ್ತಿತ್ತು. ತತ್ತ್ವಜ್ಞಾನಿ ಸೆನೆಕಾ ಬ್ರಿಟನ್ನರಿಗೆ ಕೊಟ್ಟಿದ್ದ ನಾಲ್ಕು ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಸಾಲವನ್ನು ಒಮ್ಮೆಲೇ ವಾಪಸು ಕೇಳಿದನೆಂದು ರೋಮನ್ ಇತಿಹಾಸಕಾರ ಡಿಯೊ ಕ್ಯಾಸಿಯಸ್ ಬರೆದಿದ್ದಾನೆ. ಭೂಮಿ, ಸಾಲ, ತೆರಿಗೆ ಇವು ಮೂರನ್ನೂ ಸೇರಿಸಿ ಬರೆಯಿರಿ. ದಂಗೆಯವರು ಮೊದಲು ಸುಟ್ಟ ಊರು ಕಮುಲೊಡುನಮ್ಮೇ ಏಕೆ ಆಯಿತು, ಅಲ್ಲಿನ ರೋಮನ್ನರು ಎರಡು ದಿನ ಅವಿತು ಹೋರಾಡಿದ ಆ ದೇವಾಲಯದ ಮೇಲೆ ಅಷ್ಟು ರೋಷ ಏಕಿತ್ತು ಎಂಬುದು ಆಗ ತಾನಾಗಿ ಅರ್ಥವಾಗುತ್ತದೆ.

ಇನ್ನು ನನ್ನ ಮುಖ್ಯ ಆಕ್ಷೇಪ. ಯುದ್ಧಕ್ಕೆ ಮುನ್ನ ಬೂಡಿಕಾ ಮಾಡಿದ ಭಾಷಣವನ್ನು ನೀವು ಉದ್ಧರಣ ಚಿಹ್ನೆಯೊಳಗೆ, ಅವಳ ಬಾಯಿಂದಲೇ ಕೇಳಿ ಬರೆದುಕೊಂಡಂತೆ ಕೊಟ್ಟಿದ್ದೀರಿ. ಐಸಿನಿ ಜನ ತಮ್ಮ ಕಡೆಯ ಕಥೆಯನ್ನು ಬರೆದಿಟ್ಟಿಲ್ಲ. ನಮಗೆ ಉಳಿದಿರುವ ಮುಖ್ಯ ವೃತ್ತಾಂತಗಳು ಇಬ್ಬರವು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದದ್ದು ಘಟನೆಯ ದಶಕಗಳ ನಂತರ. ಅವನ ಮಾವ ಅಗ್ರಿಕೋಲಾ ಆ ದಿನಗಳಲ್ಲಿ ಬ್ರಿಟನ್ನಿನಲ್ಲಿ ಕಿರಿಯ ಅಧಿಕಾರಿಯಾಗಿದ್ದುದರಿಂದ ಅವನಿಗೆ ಕೆಲವು ಸಂಗತಿಗಳು ಹತ್ತಿರದಿಂದ ತಿಳಿದಿರಬಹುದು. ಡಿಯೊ ಬರೆದದ್ದು ನೂರು ವರ್ಷಗಳಿಗೂ ಹೆಚ್ಚು ಕಾಲದ ನಂತರ, ಗ್ರೀಕ್ ಭಾಷೆಯಲ್ಲಿ. ಅವನ ಬೂಡಿಕಾ ತನ್ನ ಭಾಷಣದಲ್ಲಿ ಈಜಿಪ್ಟಿನ ನಿಟೊಕ್ರಿಸ್ ಮತ್ತು ಅಸಿರಿಯಾದ ಸೆಮಿರಾಮಿಸ್ ರಾಣಿಯರನ್ನು ಉದಾಹರಿಸುತ್ತಾಳೆ, ನೀರೋ ವೀಣೆ ನುಡಿಸುವುದನ್ನು ಹಂಗಿಸುತ್ತಾಳೆ. ಅದು ರೋಮಿನ ಸೆನೆಟರ್ ಒಬ್ಬನ ಓದು, ರೋಮಿನ ಸೆನೆಟರ್ ಒಬ್ಬನ ಸಿಟ್ಟು. ನೀವು ಎತ್ತಿಕೊಂಡಿರುವ ಉದ್ದನೆಯ ಕೂದಲು, ಕೊರಳ ಚಿನ್ನದ ಕಡಗ, ಗಡಸು ದನಿ ಎಲ್ಲವೂ ಡಿಯೊನವೇ. ಇವನ್ನು ಬಿಡಬೇಕಾಗಿಲ್ಲ, ಯಾರು, ಯಾವಾಗ, ಯಾರಿಗಾಗಿ ಬರೆದದ್ದು ಎಂದು ಹೇಳಿ ಬಳಸಿ. ಶತ್ರುವಿನ ಬಾಯಲ್ಲಿ ತನ್ನದೇ ಸಾಮ್ರಾಜ್ಯದ ಅತ್ಯಂತ ಕಟುವಾದ ಟೀಕೆಯನ್ನು ರೋಮನ್ ಇತಿಹಾಸಕಾರ ಏಕೆ ಇಟ್ಟ ಎಂಬುದು ನಿಮ್ಮ ಲೇಖನದ ಅತಿ ಕುತೂಹಲಕರ ಪುಟವಾಗಬಲ್ಲದು.

ಅಂಕಿಗಳ ವಿಷಯದಲ್ಲೂ ಇದೇ ಎಚ್ಚರ ಬೇಕು. ಕೊನೆಯ ಯುದ್ಧದಲ್ಲಿ 80,000 ಬ್ರಿಟನ್ನರು, ಕೇವಲ 400 ರೋಮನ್ನರು ಸತ್ತರೆಂದು ನೀವು ಸರ್ಕಾರಿ ದಾಖಲೆಯಂತೆ ಬರೆದಿದ್ದೀರಿ. ಬ್ರಿಟನ್ನರ ಲೆಕ್ಕವನ್ನು ಟ್ಯಾಸಿಟಸ್ ಸ್ವತಃ 'ಕೆಲವರು ಹೇಳುವಂತೆ' ಎಂದೇ ಕೊಡುತ್ತಾನೆ. ಬೂಡಿಕಾ ವಿಷ ಕುಡಿದಳೆಂದು ಅವನು, ಕಾಯಿಲೆಯಿಂದ ಸತ್ತಳೆಂದು ಡಿಯೊ. ಎರಡನ್ನೂ ಕೊಡಿ. ರಥಚಕ್ರಗಳ ಕತ್ತಿಗಳನ್ನು ತೆಗೆದುಹಾಕಿ: ಬ್ರಿಟನ್ನರ ರಥಯುದ್ಧವನ್ನು ಕಣ್ಣಾರೆ ಕಂಡು ವಿವರಿಸಿದ ಜೂಲಿಯಸ್ ಸೀಸರ್ ಅಂಥ ಕತ್ತಿಗಳ ಸುದ್ದಿಯನ್ನೇ ಎತ್ತುವುದಿಲ್ಲ. ಅವುಗಳ ಬದಲು ಕೋಲ್ಚೆಸ್ಟರ್ ಮತ್ತು ಲಂಡನ್ ನಗರಗಳ ನೆಲದಡಿಯಲ್ಲಿ ಅಗೆದಾಗ ಇಂದಿಗೂ ಸಿಗುವ, ಆ ದಂಗೆಯಲ್ಲಿ ಸುಟ್ಟ ಕೆಂಪು ಮಣ್ಣಿನ ಪದರದ ಬಗ್ಗೆ ಬರೆಯಿರಿ. ಯಾವ ಲೇಖಕನ ಪಕ್ಷಪಾತವೂ ಸೋಕದ ಸಾಕ್ಷ್ಯ ಅದು.

ಬೂಡಿಕಾಳನ್ನು 'ಬ್ರಿಟನ್ನಿನ ಕಿತ್ತೂರು ಚೆನ್ನಮ್ಮ' ಎಂದು ಕರೆದಿದ್ದೀರಿ. ದೊರೆ ತೀರಿಕೊಂಡಾಗ ಅವನ ಏರ್ಪಾಡನ್ನು ಮೇಲಿನ ಅಧಿಕಾರ ಒಪ್ಪದಿರುವುದು ಇಬ್ಬರ ಕಥೆಯಲ್ಲೂ ನಿಜ, ಆದರೆ ಬರಿಯ ಬಿರುದಾಗಿ ಆ ಹೋಲಿಕೆ ಎರಡನ್ನೂ ತೆಳುವಾಗಿಸುತ್ತದೆ. ಚೆನ್ನಮ್ಮನ ಹೆಸರು ಬರಲೇಬೇಕಿದ್ದರೆ ಈ ಸಂಗತಿಯ ಜೊತೆ ಬರಲಿ: 1824ರಲ್ಲಿ ಕಿತ್ತೂರಿನ ಮೇಲೆ ಸೈನ್ಯ ಕಳುಹಿಸಿದ್ದು ಈಸ್ಟ್ ಇಂಡಿಯಾ ಕಂಪನಿ, ಅದೇ ಬ್ರಿಟಿಷ್ ಸಾಮ್ರಾಜ್ಯ ತನ್ನ ಉತ್ತುಂಗದಲ್ಲಿದ್ದಾಗ, 1902ರಲ್ಲಿ, ಸಾಮ್ರಾಜ್ಯವೊಂದರ ವಿರುದ್ಧ ಬಂಡೆದ್ದ ಬೂಡಿಕಾಳ ಕಂಚಿನ ಪ್ರತಿಮೆಯನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೇತುವೆಯ ಬಳಿ ನಿಲ್ಲಿಸಿತು. ಸೀಸರ್ ಕಾಣದ ನಾಡುಗಳನ್ನೂ ನಿನ್ನ ಸಂತತಿ ಆಳುವುದು ಎಂಬರ್ಥದ ಸಾಲುಗಳನ್ನು ಅದರ ಪೀಠದ ಮೇಲೆ ಕೆತ್ತಿದ್ದಾರೆ. ಆ ನಾಡುಗಳಲ್ಲಿ ಕಿತ್ತೂರೂ ಒಂದಾಗಿತ್ತು ಎಂಬುದನ್ನು ಕನ್ನಡದ ಲೇಖಕರಲ್ಲದೆ ಇನ್ನಾರು ಹೇಳಬೇಕು?

ಸೋಲಿನೊಂದಿಗೆ ಲೇಖನ ನಿಲ್ಲಿಸಬೇಡಿ. ದಂಗೆಯ ನಂತರ ಗವರ್ನರ್ ಸ್ವೆಟೋನಿಯಸ್ ಪಾಲಿನಸ್ ಸೇಡಿನ ದಂಡಯಾತ್ರೆ ಮುಂದುವರಿಸಿದಾಗ, ಹೊಸದಾಗಿ ಬಂದ ಕಂದಾಯಾಧಿಕಾರಿ ಕ್ಲಾಸಿಸಿಯಾನಸ್ ಅದನ್ನು ವಿರೋಧಿಸಿ ರೋಮ್‌ಗೆ ಬರೆದ. ಕೊನೆಗೆ ಪಾಲಿನಸ್‌ನ ಜಾಗಕ್ಕೆ ಬೇರೆಯವನು ಬಂದ. ಕ್ಲಾಸಿಸಿಯಾನಸ್‌ನ ಸಮಾಧಿಕಲ್ಲು ಲಂಡನ್ನಿನಲ್ಲೇ ಸಿಕ್ಕಿದೆ, ಈಗ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿದೆ. ಬಂಡಾಯ ಸೋತರೂ ಆಳುವವರ ನಡೆ ಎಷ್ಟರಮಟ್ಟಿಗೆ ಬದಲಾಯಿತು ಎಂಬ ಪ್ರಶ್ನೆಯನ್ನು ಅವನ ಮೂಲಕ ಕೇಳಬಹುದು.

ಸಾವಿರದೈನೂರು ಪದಗಳೊಳಗೆ ತಿದ್ದಿ ಬರೆದು ನೇರವಾಗಿ ನನ್ನ ಹೆಸರಿಗೇ ಕಳುಹಿಸಿ. ಉಳಿದವರ ಟಿಪ್ಪಣಿಗಳನ್ನು ಎಸೆಯಬೇಡಿ. ಮುಂದಿನ ಸಲ ಆರ್ಮಿನಿಯಸ್‌ನನ್ನು ಕೈಗೆತ್ತಿಕೊಳ್ಳುವುದಾದರೆ, ಕಾಡಿನ ಗೆಲುವಿಗಿಂತ ಅವನನ್ನು ಅವನ ಸಂಬಂಧಿಕರೇ ಕೊಂದದ್ದರಿಂದ ಆರಂಭಿಸಿ ನೋಡಿ.

ವಿಶ್ವಾಸದಿಂದ,
ಸಂಪಾದಕ