ಗಣಪನ ಸಿಟ್ಟು ಎಲ್ಲಿಂದ ಬಂತು: ಒಂದು ಕತೆಗೆ ಸಂಪಾದಕರ ಉತ್ತರ

ಮಾನ್ಯರೇ,

ನಿಮ್ಮ ‘ಮದ್ದಿನ ಕಾಲ’ ಕತೆಯನ್ನು ಗಮನವಿಟ್ಟು ಓದಿದೆ. ಯಲ್ಲಾಪುರದ ಕಡೆಯ ಆಫ್ರಿಕಾ ಮೂಲದ ಸಿದ್ದಿ ಸಮುದಾಯದ ಯುವಕ ಗಣಪ, ಮರವೇರಿ ಕೊಳೆರೋಗಕ್ಕೆ ಬೋರ್ಡೋ ಮದ್ದು (ಮೈಲುತುತ್ತು, ಸುಣ್ಣದ ದ್ರಾವಣ) ಬಿಡುವ ಕೆಲಸಕ್ಕೆಂದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಅಡಿಕೆ ತೋಟವೊಂದಕ್ಕೆ ಬರುತ್ತಾನೆ. ಪೇಟೆಯಲ್ಲಿ ಕುಡುಕನೊಬ್ಬ ಅವನ ಬಣ್ಣವನ್ನೂ ಕೂದಲನ್ನೂ ಹೀಯಾಳಿಸಿದಾಗ ಕತ್ತಿ ಎತ್ತುತ್ತಾನೆ. ಕತೆ ಅಲ್ಲಿಗೆ ಮುಗಿಯುತ್ತದೆ. ಈ ರೂಪದಲ್ಲಿ ಇದನ್ನು ನಾವು ಪ್ರಕಟಿಸಲಾರೆವು. ಮೈಲುತುತ್ತಿನ ನೀಲಿ ಅವನ ಅಂಗೈಗೆ ಹತ್ತಿಕೊಂಡಿರುವ ಪುಟವನ್ನು ಬರೆಯಬಲ್ಲವರಿಗೆ ಒಂದು ಸಾಲಿನ ವಿಷಾದಪತ್ರ ಕಳುಹಿಸಲು ಮನಸ್ಸಾಗದ ಕಾರಣ ಇಷ್ಟು ದೀರ್ಘವಾಗಿ ಬರೆಯುತ್ತಿದ್ದೇನೆ.

ಗಣಪನ ಸಿಟ್ಟು ಆ ಒಂದು ಬೈಗುಳದಿಂದ ಹುಟ್ಟಿತೆಂದು ನೀವು ನಂಬಿದ್ದೀರಿ. ಅಂಥ ಮಾತಿಗೆಲ್ಲ ಕತ್ತಿ ಎತ್ತುವವನಾಗಿದ್ದರೆ ಅವನು ಬದಿಯಡ್ಕ ತಲುಪುವ ಮೊದಲೇ ಜೈಲು ಸೇರಿರುತ್ತಿದ್ದ. ಶಾಲೆಯಿಂದಲೇ ಅದನ್ನು ಕೇಳುತ್ತ ಬೆಳೆದವನು ಮಾತು ಬರುವುದಕ್ಕೆ ಮೊದಲೇ ಅದಕ್ಕೆ ಸಿದ್ಧನಾಗಿರುತ್ತಾನೆ: ಅಂಗಡಿಯೊಳಗೆ ಕಾಲಿಡುವಾಗಲೇ ತುಸು ಗಟ್ಟಿಯಾಗಿ ಕನ್ನಡದಲ್ಲಿ ಮಾತನಾಡುತ್ತಾನೆ, ಆಧಾರ್ ಕಾರ್ಡನ್ನು ಅಂಗಿಯ ಜೇಬಿನಲ್ಲೇ ಇಟ್ಟುಕೊಳ್ಳುತ್ತಾನೆ, ಬಸ್ಸು ತಪ್ಪಿಹೋಗುವಂತಿದ್ದರೂ ಕತ್ತಲಾದ ಮೇಲೆ ರಸ್ತೆಯಲ್ಲಿ ಓಡುವುದಿಲ್ಲ, ತಮಾಷೆ ಶುರುವಾದರೆ ಉಳಿದವರಿಗಿಂತ ಮೊದಲು ತಾನೇ ನಗುತ್ತಾನೆ. ಭಯವೆಂದರೆ ಇಂಥ ದಿನನಿತ್ಯದ ಲೆಕ್ಕಾಚಾರ. ನಿಮ್ಮ ಕತೆಯಲ್ಲಿ ‘ಗಣಪನಿಗೆ ಭಯವಾಯಿತು’ ಎಂಬ ವಾಕ್ಯ ಮತ್ತೆ ಮತ್ತೆ ಬರುತ್ತದೆ, ಆದರೆ ಅವನು ಮಾಡುವ ಯಾವ ಕೆಲಸದಲ್ಲೂ ಆ ಭಯ ಕಾಣಿಸುವುದಿಲ್ಲ.

2016ರ ಜನವರಿ ಕೊನೆಯಲ್ಲಿ ಬೆಂಗಳೂರಿನ ಹೊರವಲಯದಲ್ಲಿ ಸುಡಾನಿನವನೊಬ್ಬನ ಕಾರು ಢಿಕ್ಕಿಯಾಗಿ ಮಹಿಳೆಯೊಬ್ಬರು ಸತ್ತಾಗ, ಸ್ವಲ್ಪ ಹೊತ್ತಿನ ಬಳಿಕ ಬೇರೆ ಕಾರಿನಲ್ಲಿ ಅಲ್ಲಿಗೆ ಬಂದ, ಅಪಘಾತಕ್ಕೂ ತನಗೂ ಸಂಬಂಧವೇ ಇಲ್ಲದ ತಾಂಜಾನಿಯಾದ ವಿದ್ಯಾರ್ಥಿನಿಯ ಮೇಲೆ ಗುಂಪು ಹಲ್ಲೆ ಮಾಡಿತು. ಆ ಸುದ್ದಿಯನ್ನು ಓದಿದ ಗಣಪನಿಗೆ ‘ನಾನು ಕನ್ನಡದವನು, ನನಗೇನು’ ಎಂದು ಸುಮ್ಮನಿರಲು ಸಾಧ್ಯವೆ? ಗುಂಪು ಊರು ಕೇಳುವುದಿಲ್ಲ ಎಂಬುದು ಅವನಿಗೆ ಗೊತ್ತು. ಹೀಗಿರುವಾಗ ನಿಮ್ಮ ನಿರೂಪಕನೇ ಅವನನ್ನು ‘ಆಫ್ರಿಕಾದಿಂದ ಬಂದವನು’ ಎನ್ನುತ್ತಾನೆ. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ತರಲ್ಪಟ್ಟವರ ವಂಶಸ್ಥರು ಸಿದ್ದಿಗಳು; ತಲೆತಲಾಂತರದಿಂದ ಇಲ್ಲಿಯವರು; ಉತ್ತರ ಕನ್ನಡದಲ್ಲಿ ಅವರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದೇ 2003ರಲ್ಲಿ. ಇನ್ನು ‘ಕಾಡುಮೃಗದಂತೆ ಮರವೇರಿದ’ ಎಂಬುದು ಕುಡುಕನ ಮಾತಲ್ಲ, ನಿಮ್ಮದು. ಕುಡುಕನಿಗಿಂತ ನೀವು ಸಭ್ಯವಾಗಿ ಬರೆದಿದ್ದೀರಿ, ಅಷ್ಟೇ.

ಕುಡುಕನನ್ನೇ ಖಳನನ್ನಾಗಿ ಮಾಡಿದ್ದು ಸುಲಭದ ದಾರಿ. ಓದುಗರು ಅವನನ್ನು ದೂಷಿಸಿ ಹಗುರಾಗುತ್ತಾರೆ. ತೋಟದ ಯಜಮಾನರು ಒಳ್ಳೆಯವರೆಂದು ಚಿತ್ರಿಸಿದ್ದೀರಿ, ನನ್ನ ದೃಷ್ಟಿಯಲ್ಲಿ ಕತೆ ಇರುವುದು ಅವರ ಜಗಲಿಯಲ್ಲಿ. ‘ನಿಮ್ಮವರಿಗೆ ಮರ ಹತ್ತುವುದು ರಕ್ತದಲ್ಲೇ ಬಂದದ್ದು’ ಎಂದು ಅವರು ಹೊಗಳುತ್ತಾರೆ. ಗಣಪನ ತಂದೆ ಬಾಲ್ಯದಲ್ಲಿ ಓಟದ ತರಬೇತಿಗೆ ಆಯ್ಕೆಯಾಗಿದ್ದ ಸಂಗತಿಯನ್ನು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ. ಭಾರತೀಯ ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟದ್ದೂ, ಕೆಲವೇ ವರ್ಷಗಳಲ್ಲಿ ಆ ಯೋಜನೆಯನ್ನು ಕೈಬಿಟ್ಟದ್ದೂ ನಡೆದ ಸಂಗತಿ. ಅಪ್ಪನ ಮೈಕಟ್ಟನ್ನು ಮೆಚ್ಚಿ ಕರೆದೊಯ್ದು ಆಮೇಲೆ ಮನೆಗೆ ಕಳುಹಿಸಿದರು. ಈಗ ಮಗನ ಮೈಕಟ್ಟನ್ನು ಯಜಮಾನರು ಮೆಚ್ಚುತ್ತಿದ್ದಾರೆ. ಜಡಿಮಳೆಗೆ ಮರ ಜಾರುತ್ತಿರುವಾಗ ‘ಇವತ್ತು ಹತ್ತಲಾರೆ’ ಎಂದರೆ ತನಗಿರುವ ಒಂದೇ ಮರ್ಯಾದೆಯೂ ಹೋದೀತೆಂದು ಗಣಪ ಹತ್ತುತ್ತಾನೆ. ಆ ಸಿಟ್ಟನ್ನು ಯಜಮಾನರ ಮುಂದೆ ತೋರಿಸಲಾಗುವುದಿಲ್ಲ, ಅವರು ಬೈದಿಲ್ಲವಲ್ಲ! ಅದು ರಾತ್ರಿ ಫೋನಿನಲ್ಲಿ ತಂಗಿಯ ಮೇಲೆ, ಅವಳು ಕೂದಲು ನೇರ ಮಾಡಿಸಿಕೊಳ್ಳಲು ಹಣ ಕೇಳಿದ ನೆಪದಲ್ಲಿ ಹೊರಬರಬಹುದು. ತಪ್ಪು ವ್ಯಕ್ತಿಯ ಮೇಲೆ ಹರಿಯುವ ಈ ಕೋಪವನ್ನು ಬರೆಯುವುದು ಕಷ್ಟ, ಏಕೆಂದರೆ ಅಲ್ಲಿ ಗಣಪನೂ ಒಳ್ಳೆಯವನಾಗಿ ಉಳಿಯುವುದಿಲ್ಲ.

ಇನ್ನೊಂದು ಮಾತು ನಿಮಗೆ ಹಿಡಿಸದಿರಬಹುದು. ಗ್ರಾಮ ಕಚೇರಿಯಲ್ಲಿ ಮಲಯಾಳದ ಅರ್ಜಿ ನಮೂನೆ ಹಿಡಿದು ನಿಂತ ಕನ್ನಡಿಗನ ಅವಮಾನವೂ ಗಣಪನ ಅವಮಾನವೂ ಒಂದೇ ಎಂದು ನಿಮ್ಮ ಶಾಲಾಮಾಸ್ತರ ಪಾತ್ರ ಎರಡು ಪುಟ ಭಾಷಣ ಮಾಡುತ್ತದೆ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ನಂತರದ ನಮ್ಮ ಕನ್ನಡಿಗರ ನೋವು ಸುಳ್ಳಲ್ಲ. ಆದರೆ ಆ ಮಾಸ್ತರರು ಕಚೇರಿಯಿಂದ ಹೊರಬಿದ್ದು ಕುಂಬಳೆಯ ಬಸ್ಸು ಹತ್ತಿದರೆ ಅವರತ್ತ ಯಾರೂ ತಿರುಗಿ ನೋಡುವುದಿಲ್ಲ. ಅದೇ ಬಸ್ಸಿನಲ್ಲಿ ಗಣಪನ ಪಕ್ಕದ ಸೀಟು ಖಾಲಿಯಿದ್ದೂ ಒಬ್ಬರು ನಿಂತೇ ಬರುತ್ತಾರೆ. ಈ ಬಸ್ಸಿನ ಪ್ರಸಂಗ ನಿಮ್ಮದೇ, ಕತೆಯ ಅತ್ಯುತ್ತಮ ಭಾಗವೂ ಹೌದು. ಅದರ ಬೆನ್ನಿಗೇ ಬರುವ ವಿವರಣೆಯ ಪ್ಯಾರಾ ಬೇಡ. ಮಾಸ್ತರರ ಭಾಷಣವನ್ನು ಪೂರ್ತಿ ತೆಗೆಯಿರಿ, ಇಲ್ಲವೇ ಅದನ್ನು ಕೇಳುತ್ತ ಕುಳಿತ ಗಣಪ ಮನಸ್ಸಿನಲ್ಲೇ ಏನೆಂದುಕೊಂಡ ಎಂಬುದನ್ನು ಬರೆಯಿರಿ.

ಹಳೆಯ ಪ್ರತಿಯನ್ನು ತಿದ್ದುವ ಬದಲು ಬಸ್ಸಿನ ಪ್ರಸಂಗದ ಮುಂದಿನದನ್ನೆಲ್ಲ ಹೊಸದಾಗಿ ಬರೆಯಿರಿ. ಅದಕ್ಕೂ ಮೊದಲು ಯಲ್ಲಾಪುರದ ಕಡೆ ಹೋಗಿ ನಾಲ್ಕು ದಿನ ಇದ್ದು, ಅಲ್ಲಿಯವರೊಬ್ಬರಿಗೆ ಕರಡನ್ನು ಓದಿ ತೋರಿಸಿ. ಕೊನೆಯಲ್ಲಿ ಕತ್ತಿ ಬರಬೇಕೇ ಬೇಡವೇ ಎಂಬುದನ್ನು ಆಮೇಲೆ ನೀವೇ ನಿರ್ಧರಿಸಿ, ಕತೆಯನ್ನು ನಮಗೇ ಕಳುಹಿಸಿಕೊಡಿ.

ಇತಿ,
ಸಂಪಾದಕ