ಓದುಗರ ಪ್ರಶ್ನೆ, ತಂತ್ರಜ್ಞರ ಉತ್ತರ: ವಿಡಿಯೊದಲ್ಲಿ ಕ್ಯಾಪ್ಷನ್ ಕೈಕೊಟ್ಟಾಗ

ಪ್ರಶ್ನೆ: ಮೊಬೈಲ್ ಎಡಿಟಿಂಗ್ ಆ್ಯಪ್‌ನಲ್ಲಿ ಕನ್ನಡ ಕ್ಯಾಪ್ಷನ್ ಟೈಪ್ ಮಾಡುವಾಗ ಸರಿಯಾಗಿಯೇ ಕಾಣುತ್ತದೆ. ಸ್ಟೈಲ್ ಬದಲಿಸಿದ ಕೂಡಲೇ ಕೆಲವು ಸಲ ಬರೀ ಖಾಲಿ ಚೌಕ, ಕೆಲವು ಸಲ ಒತ್ತಕ್ಷರಗಳು ಚೆಲ್ಲಾಪಿಲ್ಲಿ. ಆ್ಯಪ್ ತೆಗೆದುಹಾಕಿ ಹೊಸದಾಗಿ ಇನ್‌ಸ್ಟಾಲ್ ಮಾಡಲೇ?

ಉತ್ತರ: ದಯವಿಟ್ಟು ಬೇಡ. ಎಷ್ಟೋ ಆ್ಯಪ್‌ಗಳಲ್ಲಿ ಹಾಗೆ ಮಾಡಿದರೆ ಉಳಿಸಿಟ್ಟ ಪ್ರಾಜೆಕ್ಟ್‌ಗಳೂ ಅಳಿಸಿಹೋಗುತ್ತವೆ. ನಿಮ್ಮಲ್ಲಿರುವುದು ಎರಡು ಬೇರೆ ಬೇರೆ ತೊಂದರೆ, ಮದ್ದೂ ಬೇರೆ.

ಖಾಲಿ ಚೌಕ ಬಂದರೆ ಆ ಫಾಂಟ್‌ನಲ್ಲಿ ಕನ್ನಡ ಅಕ್ಷರಗಳೇ ಇಲ್ಲ ಎಂದರ್ಥ. ಸ್ಟೈಲ್ ಟೆಂಪ್ಲೇಟ್ ಹಾಕಿದಾಗ ಬಣ್ಣದ ಜತೆ ಫಾಂಟ್ ಕೂಡ ಬದಲಾಗುತ್ತದೆ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ 2, ತಿರೋ ಕನ್ನಡ ಇವು ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಇಳಿಸಿಕೊಂಡ ಜಿಪ್ ಫೈಲನ್ನು ಮೊದಲು ಬಿಚ್ಚಿ, ಒಳಗಿನ ಟಿಟಿಎಫ್ (ಫಾಂಟ್) ಫೈಲನ್ನು ಆ್ಯಪ್‌ಗೆ ಇಂಪೋರ್ಟ್ ಮಾಡಿ. ಟೆಂಪ್ಲೇಟ್ ಹಾಕಿದ ನಂತರ ಫಾಂಟ್ ಆರಿಸಿ. ಮೊದಲೇ ಆರಿಸಿದರೆ ಟೆಂಪ್ಲೇಟ್ ಅದನ್ನು ಅಳಿಸಿಬಿಡುತ್ತದೆ. ನುಡಿ, ಬರಹದ ಹಳೆಯ ಆಸ್ಕಿ ಫಾಂಟ್‌ಗಳು ಇಲ್ಲಿ ನಡೆಯುವುದಿಲ್ಲ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದಾರೆ. ನಿಮ್ಮ ಫೋನ್ ಕೀಬೋರ್ಡ್ ಬರೆಯುವುದು ಕನ್ನಡಕ್ಕೆ ತನ್ನದೇ ಸಂಕೇತಗಳಿರುವ ಯುನಿಕೋಡ್.

ಒತ್ತಕ್ಷರದ ವಿಷಯ ಇನ್ನೂ ಸೂಕ್ಷ್ಮ. ‘ಸ್ತ್ರೀ’ ಎಂಬುದು ಕಣ್ಣಿಗೆ ಒಂದೇ ಅಕ್ಷರ. ಫೈಲ್‌ನಲ್ಲಿ ಅದು ಆರು ಸಂಕೇತ: ಸ, ಹಲಂತ (ಸ್ವರವನ್ನು ತೆಗೆಯುವ ಚಿಹ್ನೆ), ತ, ಮತ್ತೊಂದು ಹಲಂತ, ರ, ಕೊನೆಗೆ ದೀರ್ಘ ಈ ಸ್ವರದ ಚಿಹ್ನೆ. ಇವನ್ನು ಒಟ್ಟಿಗೆ ಕೊಟ್ಟರೆ ಮಾತ್ರ ಜೋಡಣೆಯ ವ್ಯವಸ್ಥೆ ಅಕ್ಷರ ಕಟ್ಟುತ್ತದೆ. ಟೈಪ್‌ರೈಟರ್‌ನಂಥ ಅನಿಮೇಷನ್‌ಗಳು ಆರನ್ನೂ ಆರು ಅಕ್ಷರವೆಂದೇ ಎಣಿಸಿ ಒಂದೊಂದಾಗಿ ತೋರಿಸಲು ಹೋಗುತ್ತವೆ, ಅಲ್ಲಿಗೆ ಅಕ್ಷರ ಒಡೆಯಿತು. ಆದ್ದರಿಂದ ಮೊದಲು ಅನಿಮೇಷನ್ ತೆಗೆದು ನೋಡಿ. ಸರಿಹೋದರೆ ಅಕ್ಷರದ ಬದಲು ಇಡೀ ಪದ ಅಥವಾ ಸಾಲು ಮೂಡುವ ಅನಿಮೇಷನ್ ಹಾಕಿಕೊಳ್ಳಿ. ಸರಿಹೋಗದಿದ್ದರೆ ಅಕ್ಷರಗಳ ನಡುವಿನ ಅಂತರವನ್ನು ಸೊನ್ನೆಗೆ ತನ್ನಿ, ಆಮೇಲೆ ಫಾಂಟ್ ಬದಲಿಸಿ. ಒಮ್ಮೆಗೆ ಒಂದನ್ನೇ ಬದಲಿಸಿ. ಮೂರನ್ನೂ ಒಟ್ಟಿಗೆ ಮುಟ್ಟಿದರೆ ತಪ್ಪು ಎಲ್ಲಿತ್ತೆಂದು ಗೊತ್ತಾಗುವುದೇ ಇಲ್ಲ.

ಮೂರಕ್ಕೂ ಬಗ್ಗದಿದ್ದರೆ ಆ ಆ್ಯಪ್‌ಗೆ ಕನ್ನಡ ಜೋಡಿಸಲು ಬರುವುದಿಲ್ಲ. ಆಗ ಕ್ಯಾಪ್ಷನ್ ಅನ್ನು ಬೇರೆ ಡಿಸೈನ್ ಆ್ಯಪ್‌ನಲ್ಲಿ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರವಾಗಿ ಉಳಿಸಿ, ವಿಡಿಯೊ ಮೇಲೆ ಓವರ್‌ಲೇ ಮಾಡಿ. ಹತ್ತಿಪ್ಪತ್ತು ಸಾಲಿಗೆ ಇದು ಸಾಧ್ಯ, ನೂರಾರು ಸಾಲಿದ್ದರೆ ಆ್ಯಪ್ ಬದಲಿಸುವುದೇ ವಾಸಿ. ಅಂದಹಾಗೆ, ಹಿನ್ನೆಲೆಯ ಪಟ್ಟಿ ಒತ್ತಕ್ಷರದ ಬುಡ ಕತ್ತರಿಸುತ್ತಿದ್ದರೆ ಸಾಲಿನ ಅಂತರವನ್ನು ಹೆಚ್ಚಿಸಿ. ನಮ್ಮ ಲಿಪಿ ರೋಮನ್‌ಗಿಂತ ಕೆಳಕ್ಕೆ ಇಳಿಯುತ್ತದೆ.

ಪ್ರಶ್ನೆ: ಕಂಪ್ಯೂಟರ್‌ನಲ್ಲಿ ಮಾಡಿದ ಎಸ್‌ಆರ್‌ಟಿ ಫೈಲನ್ನು (ಕ್ಯಾಪ್ಷನ್ ಮತ್ತು ಅದರ ಸಮಯ ಇರುವ ಫೈಲ್) ಫೋನ್‌ಗೆ ತಂದರೆ ಕನ್ನಡದ ಬದಲು ತಲೆಬುಡವಿಲ್ಲದ ಚಿಹ್ನೆಗಳು ಬರುತ್ತವೆ. ಕೆಲವು ಸಾಲುಗಳಂತೂ ಬರುವುದೇ ಇಲ್ಲ.

ಉತ್ತರ: ಒಂದೊಂದು ಕನ್ನಡ ಸಂಕೇತದ ಜಾಗದಲ್ಲಿ ಮೂರು ಮೂರು ವಿಚಿತ್ರ ಚಿಹ್ನೆ ಇದೆಯೇ ನೋಡಿ. ಯುನಿಕೋಡ್ ಅನ್ನು ಫೈಲ್‌ನಲ್ಲಿ ಬರೆದಿಡುವ ವಿಧಾನವಾದ (ಎನ್‌ಕೋಡಿಂಗ್) ಯುಟಿಎಫ್-8ರಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಆ್ಯಪ್ ಅದನ್ನು ಹಳೆಯ ಒಂದು ಬೈಟ್‌ನ ಎನ್‌ಕೋಡಿಂಗ್ ಎಂದು ಓದಿದಾಗ ಹೀಗಾಗುತ್ತದೆ. ಬರೀ ಪ್ರಶ್ನಾರ್ಥಕ ಚಿಹ್ನೆಗಳಿದ್ದರೆ ಉಳಿಸುವಾಗಲೇ ಕನ್ನಡ ಕಳೆದುಹೋಗಿದೆ, ಮೂಲ ಫೈಲ್‌ಗೇ ಹಿಂತಿರುಗಬೇಕು. ನೋಟ್‌ಪ್ಯಾಡ್‌ನಲ್ಲಿ ತೆರೆದು, ‘ಸೇವ್ ಆ್ಯಸ್’ ಕೊಟ್ಟು, ಎನ್‌ಕೋಡಿಂಗ್ ಜಾಗದಲ್ಲಿ ಯುಟಿಎಫ್-8 ಆರಿಸಿ. ಅದಕ್ಕೂ ಬಗ್ಗದಿದ್ದರೆ ಬಿಒಎಂ (ಎನ್‌ಕೋಡಿಂಗ್ ಯಾವುದೆಂದು ಫೈಲ್‌ನ ಆರಂಭದಲ್ಲೇ ತಿಳಿಸುವ ಗುರುತು) ಇರುವ ಆಯ್ಕೆ ಕೊಟ್ಟು ಮತ್ತೊಮ್ಮೆ ನೋಡಿ.

ಸಾಲು ಮಾಯವಾಗಲು ಸಾಮಾನ್ಯ ಕಾರಣ ಒಂದು ಅಲ್ಪವಿರಾಮ. ಎಸ್‌ಆರ್‌ಟಿಯಲ್ಲಿ ಸಮಯ 00:00:04,500 ಎಂದಿರಬೇಕು. ವಿಟಿಟಿ ಎಂಬ ಇನ್ನೊಂದು ಕ್ಯಾಪ್ಷನ್ ಫೈಲ್ ಮಾದರಿಯಲ್ಲಿ ಅದೇ ಜಾಗಕ್ಕೆ ಚುಕ್ಕಿ ಬರುತ್ತದೆ. ಫೈಲ್‌ನ ಹೆಸರಿನ ಬಾಲ ಮಾತ್ರ ಬದಲಿಸಿದರೆ ಒಳಗಿನ ಚುಕ್ಕಿ ಹಾಗೆಯೇ ಉಳಿಯುತ್ತದೆ. ಒಂದು ಕ್ಯಾಪ್ಷನ್‌ಗೂ ಇನ್ನೊಂದಕ್ಕೂ ನಡುವೆ ಒಂದು ಖಾಲಿ ಸಾಲು ಬೇಕು. ಒಂದೇ ಕ್ಯಾಪ್ಷನ್‌ನ ಎರಡು ಸಾಲುಗಳ ನಡುವೆ ಅದು ಇರಕೂಡದು.

ಪ್ರಶ್ನೆ: ವಿಡಿಯೊ ಶುರುವಿನಲ್ಲಿ ಮಾತಿಗೆ ಸರಿಯಾಗಿ ಬರುವ ಕ್ಯಾಪ್ಷನ್ ಕೊನೆಕೊನೆಗೆ ಹಿಂದೆ ಬೀಳುತ್ತದೆ.

ಉತ್ತರ: ಅಂತರ ಹೇಗೆ ಬೆಳೆಯುತ್ತದೆ ಎಂಬುದರಲ್ಲೇ ಕಾರಣವಿದೆ. ಒಂದು ಜಾಗದಲ್ಲಿ ದಿಢೀರನೆ ತಪ್ಪಿದ್ದರೆ, ಕ್ಯಾಪ್ಷನ್ ಹಾಕಿದ ಮೇಲೆ ಅಲ್ಲಿ ವಿಡಿಯೊ ಕತ್ತರಿಸಿದ್ದೀರಿ, ಕ್ಯಾಪ್ಷನ್ ಟ್ರ್ಯಾಕ್ ಜತೆಗೆ ಸರಿದಿಲ್ಲ. ಕತ್ತರಿಸುವುದೆಲ್ಲ ಮುಗಿದ ಮೇಲೆಯೇ ಕ್ಯಾಪ್ಷನ್ ಹಾಕಿ.

ಮೆಲ್ಲಮೆಲ್ಲನೆ ಬೆಳೆದರೆ ಫ್ರೇಮ್‌ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಎಂಬ ಲೆಕ್ಕ) ಹೊಂದಿಲ್ಲ. 30 ಮತ್ತು 29.97ರ ವ್ಯತ್ಯಾಸ 10 ನಿಮಿಷಕ್ಕೆ 0.6 ಸೆಕೆಂಡ್, 24 ಮತ್ತು 25ರದ್ದಾದರೆ ಸುಮಾರು 24 ಸೆಕೆಂಡ್. ಫೋನ್ ಕ್ಯಾಮೆರಾಗಳು ಬೆಳಕಿಗೆ ತಕ್ಕಂತೆ ಫ್ರೇಮ್‌ರೇಟ್ ಏರಿಳಿಸುವುದೂ ಉಂಟು. ಮೂಲ ಕ್ಲಿಪ್ ಅನ್ನು ಏನೂ ಸೇರಿಸದೆ 30ಕ್ಕೆ ಎಕ್ಸ್‌ಪೋರ್ಟ್ ಮಾಡಿ, ಆ ಹೊಸ ಫೈಲನ್ನು ತಂದು ಅದರ ಮೇಲೆ ಕ್ಯಾಪ್ಷನ್ ಹಾಕಿ. ಕಂಪ್ಯೂಟರ್ ಇದ್ದರೆ ವಿಡಿಯೊ ಪರಿವರ್ತಿಸುವ ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ‘ಕಾನ್‌ಸ್ಟಂಟ್ ಫ್ರೇಮ್‌ರೇಟ್’ ಆರಿಸಿಕೊಂಡರೆ ಕೆಲಸ ಇನ್ನೂ ಅಚ್ಚುಕಟ್ಟು.

ಪ್ರಶ್ನೆ: ಆ್ಯಪ್‌ನಲ್ಲಿ ಅಚ್ಚ ಬಿಳಿಯಾಗಿದ್ದ ಕ್ಯಾಪ್ಷನ್ ಎಕ್ಸ್‌ಪೋರ್ಟ್ ಆದ ಮೇಲೆ ಬೂದುಬಣ್ಣಕ್ಕೆ ತಿರುಗುತ್ತದೆ. ಕೆಂಪು ಅಕ್ಷರದ ಅಂಚು ಕಲಸಿದಂತಿರುತ್ತದೆ.

ಉತ್ತರ: ಬೂದುಬಣ್ಣ ಬಂದರೆ ವಿಡಿಯೊ ಎಚ್‌ಡಿಆರ್ (ಹೊಳಪಿನ ವ್ಯಾಪ್ತಿ ಹೆಚ್ಚಿರುವ ಮಾದರಿ) ಆಗಿರುವ ಸಾಧ್ಯತೆ ಹೆಚ್ಚು. ಅದರಲ್ಲಿ ಆಕಾಶ, ದೀಪಗಳು ಮಾಮೂಲಿ ಬಿಳಿಗಿಂತ ಎಷ್ಟೋ ಪಾಲು ಪ್ರಖರ. ಪಕ್ಕದ ಅಕ್ಷರ ಮಂಕಾಗಿ ಕಾಣುತ್ತದೆ. ಎಕ್ಸ್‌ಪೋರ್ಟ್ ಸೆಟ್ಟಿಂಗ್‌ನಲ್ಲಿ ಎಚ್‌ಡಿಆರ್ ಆಫ್ ಮಾಡಿ. ಕೆಂಪಿನ ತೊಂದರೆ ಮಾತ್ರ ಸೆಟ್ಟಿಂಗ್‌ನದ್ದಲ್ಲ. ಸಾಮಾನ್ಯ ವಿಡಿಯೊಗಳಲ್ಲಿ ಬಣ್ಣದ ವಿವರವನ್ನು ಉದ್ದಕ್ಕೂ ಅಗಲಕ್ಕೂ ಅರ್ಧಕ್ಕೆ ಇಳಿಸುತ್ತಾರೆ, ಹೊಳಪಿನ ವಿವರ ಮಾತ್ರ ಪೂರ್ತಿ ಉಳಿಯುತ್ತದೆ. ಕೆಂಪು ಅಕ್ಷರದ ಅಂಚು ಕಲಸುವುದು ಇದರಿಂದಲೇ. ಬಿಳಿ ಅಥವಾ ಹಳದಿ ಅಕ್ಷರಕ್ಕೆ ತೆಳುವಾದ ಕಪ್ಪು ಅಂಚು ಕೊಡಿ. ಅಂಚು ದಪ್ಪವಾದರೆ ‘ಣ’, ‘ಋ’ಗಳ ಒಳಗಿನ ಸಂದು ಮುಚ್ಚಿಹೋಗುತ್ತದೆ. ಕಿವಿ ಕೇಳದವರಿಗೆ ಈ ಅಕ್ಷರಗಳೇ ಧ್ವನಿ, ಹಾಗಾಗಿ ಒಮ್ಮೆ ಸದ್ದು ಪೂರ್ತಿ ಅಡಗಿಸಿ, ಫೋನನ್ನು ಒಂದು ಮೊಳ ದೂರ ಹಿಡಿದು ಓದಿ ನೋಡಿಯೇ ಪೋಸ್ಟ್ ಮಾಡಿ.