ಸೈಬರ್ ಕೆಫೆ ಹಳೇ ಸ್ಟಾಫ್ ಹತ್ರ ಏನ್ ಕೇಳ್ಬೇಕು ಅಂದ್ರಲ್ಲ, ಅದಕ್ಕೆ ಉತ್ತರ

ಸರ್, ಶುರುವಿನ ಸೈಬರ್ ಕೆಫೆಗಳಲ್ಲಿ ಕೆಲಸ ಮಾಡಿದವರ ನೆನಪು ರೆಕಾರ್ಡ್ ಮಾಡ್ತಿದೀರಿ, ಆದ್ರೆ "ಆಗ ಹೇಗಿತ್ತು" ಅಂದ್ರೆ ಎಲ್ರೂ "ಚೆನ್ನಾಗಿತ್ತು" ಅಂದು ಸುಮ್ಮನಾಗ್ತಾರೆ ಅಂತ ಬರ್ದಿದೀರಿ. ನಾನೂ ಆ ಕೌಂಟರಲ್ಲಿ ಕೂತವನೇ, ಸ್ವಲ್ಪ ಉದ್ದಕ್ಕೆ ಹೇಳ್ತೀನಿ.

ಬಾಗಿಲು ತೆಗೆದ ತಕ್ಷಣ ಮೊದಲು ಏನ್ ಮಾಡ್ತಿದ್ರಿ ಅಂತ ಕೇಳಿ. ಮಾತು ತಾನಾಗೇ ಬರತ್ತೆ. ಆಗಿನ ಮೌಸ್ ತಿರುಗಿಸಿ ಅಡಿಯಲ್ಲಿದ್ದ ಉರುಳೋ ಗುಂಡು ತೆಗೆದು ಒಳಗಿನ ರೋಲರ್‌ಗೆ ಮೆತ್ತಿದ ಕೊಳೇನ ಉಗುರಲ್ಲಿ ಕೆರೆಯೋದು, ಫೋನ್ ಲೈನಲ್ಲಿ ಇಂಟರ್‌ನೆಟ್ ತರೋ ಮೋಡೆಮ್ ಡಯಲ್ ಮಾಡೋ ಸದ್ದು ಕೇಳೇ ಇವತ್ತು ಲೈನ್ ಸಿಗತ್ತೋ ಇಲ್ವೋ ಹೇಳೋದು, ಇದೆಲ್ಲ ಕೈಗೆ ಕಿವಿಗೆ ನೆನಪಿರತ್ತೆ. ಒಂದು ಸಾಲಿನ ಕಂಪ್ಯೂಟರ್‌ಗಳನ್ನೆಲ್ಲ ಒಂದೇ ಎಳೆಯಲ್ಲಿ ಜೋಡಿಸೋ ಕೋಆಕ್ಸಿಯಲ್ ಕೇಬಲ್ ಇದ್ದ ಕಡೆ ಕೆಲಸ ಮಾಡಿದವರಾದ್ರೆ ಅದರ ಎರಡೂ ತುದಿಗೆ ಹಾಕೋ ಮುಚ್ಚಳದಂಥ ಟರ್ಮಿನೇಟರ್ ಬಗ್ಗೆ ಕೇಳ್ಲೇಬೇಕು, ಯಾರದೋ ಕಾಲು ತಾಗಿ ಒಂದು ಕನೆಕ್ಟರ್ ಸಡಿಲ ಆದ್ರೆ ಸಾಕು ಆ ಸಾಲಿನ ಅಷ್ಟೂ ಕಂಪ್ಯೂಟರಿನ ನೆಟ್‌ವರ್ಕ್ ಹೋಗ್ತಿತ್ತು, ನಾವು ಟೇಬಲ್ ಕೆಳಗೆ ಮಂಡಿಯೂರಿ ಒಂದೊಂದೇ ಅಲ್ಲಾಡಿಸಿ ನೋಡ್ತಾ ಹೋಗೋದು, ಮೇಲಿಂದ "ಬಂತಾ, ಬಂತಾ" ಅಂತ ಕೇಳ್ತಾನೇ ಇರೋರು. 56 ಕೆಬಿಪಿಎಸ್ (ಸೆಕೆಂಡಿಗೆ 56 ಕಿಲೋಬಿಟ್, 8 ಬಿಟ್‌ಗೆ ಒಂದು ಬೈಟ್) ಮೋಡೆಮಲ್ಲಿ ಚೆನ್ನಾಗಿ ಬಂದ್ರೂ ಸೆಕೆಂಡಿಗೆ 5-6 ಕಿಲೋಬೈಟ್, ಅದನ್ನೇ ಎಲ್ಲರಿಗೂ ಹಂಚ್ಬೇಕು, ಒಬ್ರು ಫೋಟೋ ಡೌನ್‌ಲೋಡ್‌ಗೆ ಹಾಕಿದ್ರೆ ಉಳಿದವರ ಪೇಜ್ ಅರ್ಧಕ್ಕೆ ನಿಲ್ತಿತ್ತು. ಆಗ ಯಾರನ್ನ ಹೇಗೆ ಸಮಾಧಾನ ಮಾಡ್ತಿದ್ರಿ ಅಂತ ಕೇಳಿ, ಒಳ್ಳೊಳ್ಳೆ ಕಥೆ ಸಿಗತ್ತೆ.

ಇಸವಿ ನೇರವಾಗಿ ಕೇಳಿದ್ರೆ ತಪ್ಪು ಹೇಳ್ತಾರೆ. ಏನೇನು ಬಳಸ್ತಿದ್ರಿ ಅಂತ ಕೇಳಿ ಲೆಕ್ಕ ಹಾಕಿ. ಹಾಟ್‌ಮೇಲ್ ಅನ್ನೋ ಇಮೇಲ್ ಅಕೌಂಟ್ ಮಾಡ್ಕೊಡ್ತಿದ್ವಿ ಅಂದ್ರೆ 1996ರ ಜುಲೈ ಆದ್ಮೇಲೇ, ವಿಂಡೋಸ್ 98 ಹಾಕಿದ್ವಿ ಅಂದ್ರೆ 1998ರ ಮಧ್ಯದಿಂದ ಈಚೆ, ಚಾಟ್ ಮಾಡೋ ಎಂಎಸ್ಎನ್ ಮೆಸೆಂಜರ್ ಅಂದ್ರೆ 1999ರ ಮಧ್ಯದಿಂದ ಈಚೆ. ಶುರುವಿನ ಸೈಬರ್ ಕೆಫೆಗಳಲ್ಲಿ ಒಂದಾದ ಲಂಡನ್ನಿನ ಸೈಬೀರಿಯಾ (Cyberia) ತೆರೆದಿದ್ದು 1994ರಲ್ಲಿ, ಆಗ ಇದ್ಯಾವುದೂ ಇರ್ಲಿಲ್ಲ.

ಜನ ಮರೆಯೋದು ಒಂದಿದೆ, ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ಕಲಿಸೋದೇ ಆಗಿತ್ತು. ಮೌಸ್ ಹಿಡಿಯೋಕೆ ಕೈ ನಡುಗೋರು, ದೂರ ಇರೋ ಮಗನಿಗೆ ಮೇಲ್ ಬರೀಬೇಕು ನೀನೇ ಟೈಪ್ ಮಾಡಪ್ಪ ಅನ್ನೋರು. ಅವರು ಹೇಳ್ತಾ ಹೋದ ಹಾಗೆ ನಾವು ಟೈಪ್ ಮಾಡ್ತಿದ್ವಿ, ಮನೆ ವಿಷಯ, ಕಾಯಿಲೆ ವಿಷಯ ಎಲ್ಲಾ ನಮ್ಮ ಬೆರಳ ಮೇಲೆ ಹೋಗಿದೆ, ಪಾಸ್‌ವರ್ಡ್ ಕೂಡ ನೀನೇ ನೆನಪಿಟ್ಕೋ ಅಂತಿದ್ರು. ಅಷ್ಟು ನಂಬಿದ್ರು. ಹಾಗಾಗಿ ಸರ್, ರೆಕಾರ್ಡಿಂಗಲ್ಲಿ ಗಿರಾಕಿಗಳ ಹೆಸರು ಬಂದ್ರೆ ಯಾರಿಗೂ ಕೇಳಿಸೋಕೆ ಮುಂಚೆ ಅದನ್ನ ತೆಗೆದುಬಿಡಿ, ಇದನ್ನ ಮಾತ್ರ ಬಿಡ್ಬೇಡಿ.

ಸಾಧ್ಯ ಆದ್ರೆ ಒಂದೇ ಕಡೆ ಕೆಲಸ ಮಾಡಿದ ಇಬ್ಬರನ್ನ ಒಟ್ಟಿಗೆ ಕೂರಿಸಿ, ಮುಂದೆ ಒಂದು ಹಳೇ ಮೌಸೋ ಫ್ಲಾಪಿನೋ ಇಡಿ. ಒಬ್ರು ಹೇಳಿದ್ದನ್ನ ಇನ್ನೊಬ್ರು "ಹಾಗಲ್ಲ ಕಣೋ" ಅಂತ ತಿದ್ದೋಕೆ ಶುರು ಮಾಡಿದ್ರೆ ನೀವು ಮಧ್ಯೆ ಬಾಯಿ ಹಾಕ್ಬೇಡಿ, ರೆಕಾರ್ಡರ್ ಓಡ್ತಿದ್ಯಾ ಅಂತ ನೋಡ್ಕೊಂಡ್ರೆ ಸಾಕು.